ಎಳೆದುಕೊಂಡ ಬೆಸುಗೆ

ಹಫೀಜನು ಚೌಕಟ್ಟಿನ ಬಲತುದಿಯನ್ನು ಬೆರಳಿನಿಂದ ಒತ್ತಿದನು, ಎಡತುದಿ ಮೇಲಕ್ಕೆದ್ದಿತು. ಎಡತುದಿಯನ್ನು ಒತ್ತಿದನು; ಬಲತುದಿ ಎದ್ದಿತು. ಒಂದು ಕಾಲು ಗಿಡ್ಡವಾದ ಮಣೆಯಂತೆ ಆ ಲೋಹದ ತುಂಡು ಪ್ಲಾಸ್ಟರಿನ ದವಡೆಯ ಮೇಲೆ ಟಕ್ಕು ಟಕ್ಕೆಂದು ಹೊಯ್ದಾಡಿತು.

“ಕುಂಡ್ರಂಗಿಲ್ರಿ ಸಾಬ್,” ಎಂದನು.

“ಕುಂಡ್ರಂಗಿಲ್ಲ ಅನ್ನೋದು ತಜ್ಞರೂ ಬರದು ಕೊಟ್ಟಾರ. ಯಾಕ ಕುಂಡ್ರಂಗಿಲ್ಲ, ಅದು ಹೇಳ್ರಿ,” ಎಂದನು ಸರ್ಕಲ್ ಇನ್ಸ್‌ಪೆಕ್ಟರ್ ಜಗದೇವ. “ಇದು ಬ್ಯಾರೆ ಬಾಯಿದಂತನೋ, ಇದೇ ಬಾಯಿದು ಸೊಟ್ಟಾಗ್ಯಾದಂತನೋ?”

ಅಫಜಲಪುರದ ಕೆಳಗೆ ಭೀಮೆಯ ಮಡುವಿನಲ್ಲಿ ಸಿಕ್ಕ ಮುಖವಿಲ್ಲದ ಶವದ ಬಾಯಿಂದ ತೆಗೆದ ಹಲ್ಲಿನ ಚೌಕಟ್ಟು ಅದು. ಅದರ ಕೆಳಗಿದ್ದ ಪ್ಲಾಸ್ಟರಿನ ಅಚ್ಚು ಮಾದನಹಿಪ್ಪರಗಾದಿಂದ ಕಾಣೆಯಾದ ದೊಡ್ಡಪ್ಪನೆಂಬವನ ಮೇಲ್ದವಡೆಯದು. ಎರಡೂ ಒಂದಕ್ಕೊಂದು ಸೇರಿದರೆ ದೊಡ್ಡಪ್ಪ ಸತ್ತನು. ಸೇರದಿದ್ದರೆ ಎಲ್ಲಿಯೋ ಬದುಕಿದ್ದಾನು.

ಶವದ ದವಡೆ ಕಲ್ಲೇಟಿಗೆ ಪುಡಿಯಾಗಿತ್ತು. ನೀರಿನಲ್ಲಿ ಕೊಳೆತ ದೇಹದಿಂದ ತೆಗೆದ ಡಿ.ಎನ್.ಎ. ಮಾದರಿ ಕೆಲಸಕ್ಕೆ ಬಾರದೆಂದು ಹಿಂದಿರುಗಿತ್ತು. ಎರಡನೆಯದರ ಉತ್ತರ ಯಾವಾಗ ಬಂದೀತೆಂದು ಹೇಳುವವರಿಲ್ಲ. ಹೀಗಾಗಿ ಒಬ್ಬ ಮನುಷ್ಯನ ಸಾವು ಬದುಕಿನ ಭಾರವೆಲ್ಲ ಈ ತುಂಡು ಲೋಹದ ಮೇಲೆ ಬಿದ್ದಿತ್ತು.

ಒಬ್ಬನದಲ್ಲ, ಇಬ್ಬರದು. ಅಣ್ಣನನ್ನು ಕೊಂದ ಆಪಾದನೆಯ ಮೇಲೆ ತಮ್ಮ ಸಿದ್ದಲಿಂಗನು ಜೇಲಿನಲ್ಲಿದ್ದನು. ಹೊಲದ ಬಾವಿಯ ಜಗಳದಲ್ಲಿ ಊರೆಲ್ಲ ಕೇಳುವಂತೆ ‘ಇದೇ ಬಾವ್ಯಾಗ ಹುಗೀತೇನಿ’ ಎಂದು ಅವನು ಅಣ್ಣನಿಗೆ ಕೂಗಿದ್ದುಂಟು. ಆ ಮಾತಿನ ಮಾರನೆಯ ವಾರವೇ ದೊಡ್ಡಪ್ಪ ಕಾಣೆಯಾದನು. ‘ನಮ್ಮಣ್ಣ ಬದುಕ್ಯಾನ್ರಿ, ಹುಡುಕ್ರಿ’ ಎಂಬ ಒಂದೇ ಮಾತನ್ನು ಸಿದ್ದಲಿಂಗ ಸರಳುಗಳ ಹಿಂದಿನಿಂದ ಹೇಳುತ್ತಲೇ ಬಂದಿದ್ದನು. ಅವನ ವಕೀಲರು ಬರುವ ವಾರದ ಜಾಮೀನು ಅರ್ಜಿಗೆ ಚೌಕಟ್ಟು ಕೂಡಲಿಲ್ಲವೆಂಬ ಈ ವರದಿಯನ್ನೇ ಆಧಾರ ಮಾಡಿಕೊಂಡಿದ್ದರು. ಬೇರೆ ಆಧಾರ ಇರಲಿಲ್ಲ.

ಜಗದೇವನು ಆ ವರದಿಯನ್ನು ಓದಿದ ದಿನ ಒಳಗೊಳಗೇ ಹಗುರಾಗಿದ್ದನು. ಆದರೆ ದೊಡ್ಡಪ್ಪನ ಬಾಯಿಯ ಅಚ್ಚು ತೆಗೆದ ಜೇವರ್ಗಿಯ ದಂತವೈದ್ಯೆ ಮಧುಮತಿ ಆ ಹಗುರವನ್ನು ಉಳಿಯಗೊಡಲಿಲ್ಲ. ‘ಇದರ ನಡುವೆ ಬೆಸುಗೆ ಇದೆ. ಬೆಸುಗೆ ಲೋಹವನ್ನು ಎಳೆಯುತ್ತದೆ. ಮಾಡಿದವರಿಗೇ ತೋರಿಸಿ’ ಎಂದಿದ್ದರು. ಅದಕ್ಕಾಗಿಯೇ ನ್ಯಾಯಾಲಯದ ಅನುಮತಿ ಪಡೆದು, ಇಬ್ಬರು ಪಂಚರನ್ನು ಕರೆದುಕೊಂಡು, ಆಳಂದದ ಬೀಜದಂಗಡಿಯ ಮಾಳಿಗೆಯ ಮೇಲಿನ ಈ ಕೋಣೆಗೆ ಅವನು ಬಂದಿದ್ದನು. ಹಲ್ಲಿನ ಡಾಕ್ಟರರು ಅಳತೆ ಕಳಿಸಿದ ಸೆಟ್ಟುಗಳೆಲ್ಲ ತಯಾರಾಗುವುದು ಇಲ್ಲಿಯೇ.

ಹಫೀಜ ಚೌಕಟ್ಟನ್ನು ಭೂತಗನ್ನಡಿಯ ಕೆಳಗೆ ಹಿಡಿದನು. ಅಂಗುಳಕ್ಕೆ ಅಂಟಿ ಕೂರುವ ಅಗಲವಾದ ಪಟ್ಟಿ, ಅದರ ಎರಡು ರೆಕ್ಕೆಗಳು, ಉಳಿದ ಹಲ್ಲುಗಳನ್ನು ಕಚ್ಚಿ ಹಿಡಿಯುವ ಕೊಕ್ಕೆಗಳು. ಪಟ್ಟಿಯ ನಟ್ಟನಡುವೆ ಹುಳು ಹರಿದ ಹಾಗೆ ಕಪ್ಪಾದ ಒಂದು ಗೆರೆ.

“ಸಾಬ್, ಕೆಲಸ ನಂದೇ ಇದ್ದಂಗ ಕಾಣ್ತದ. ಆದ್ರ ಇಂಥವು ನಾ ಭಾಳ ಮಾಡೇನಿ, ಯಾರದಂತ ಆಣಿ ಮಾಡಿ ಹೇಳಾಕಾಗಂಗಿಲ್ಲ. ಬೆಸುಗಿ ಮಾತ್ರ ನಂದಲ್ಲ. ನಾ ಕೊಟ್ಟಾಗ ಇದು ಅಖಂಡ ಇತ್ತು.”

“ಕಲ್ಲೇಟಿಗೆ ಸೊಟ್ಟಾಗಿರಬಹುದಲ್ಲ?”

“ಏಟು ಬಿದ್ರ ಎಲ್ಲ್ಯರ ತಗ್ಗು ಬೀಳಬೇಕ್ರಿ, ಗೀರು ಬೀಳಬೇಕು. ಇಲ್ಲಿ ನೋಡ್ರಿ, ಕನ್ನಡಿ ಇದ್ದಂಗ ಅದ. ಇದು ಹೊರಗಿನ ಪೆಟ್ಟಲ್ಲ. ಒಳಗಿಂದ ಎಳೆದದ್ದು.”

“ತೋರಿಸ್ರಿ.”

ಹಫೀಜ ಎದ್ದು, ಎರಡು ಕೈಗಳಿಗೆ ಎರಡು ತೂತುಗಳಿದ್ದ ಪೆಟ್ಟಿಗೆಯಂಥ ಯಂತ್ರದ ಮುಂದೆ ಕುಳಿತನು. ಅದೇ ಲೋಹದ ಎರಡು ಪಟ್ಟಿಗಳನ್ನು ತುದಿಗೆ ತುದಿ ಸೇರಿಸಿ ಒಳಗೆ ಹಿಡಿದನು. ಕಾಲಿನ ಪೆಡಲು ಒತ್ತಿದಾಗಲೆಲ್ಲ ಒಳಗೊಂದು ಸಣ್ಣ ಮಿಂಚು; ಚಟ್ ಎಂಬ ಸದ್ದು. ಒಂದು ಬದಿಯಿಂದ ಸಾಲಾಗಿ, ಹೊಲಿಗೆ ಹಾಕಿದಂತೆ ಹೊಡೆಯುತ್ತ ಹೋದನು. ಹೊರಗೆ ತೆಗೆದು ಗಾಜಿನ ಹಲಗೆಯ ಮೇಲಿಟ್ಟಾಗ, ನೆಟ್ಟಗಿದ್ದ ಪಟ್ಟಿಗಳು ಬಿಸಿಲಿಗೆ ಒಣಗಿದ ಚರ್ಮದ ಹಾಗೆ ಎರಡೂ ತುದಿಗಳಲ್ಲಿ ಎದ್ದು ನಿಂತಿದ್ದವು.

“ಕರಗಿದ್ದು ಆರುವಾಗ ಕುಗ್ಗತದ್ರಿ. ಕುಗ್ಗುವಾಗ ಬಾಜೂದವನ್ನ ತನ್ನ ಕಡೆ ಎಳಕೊಂತದ. ಒಂದ ಕಡಿಂದ ಹೊಡಕೋತ ಹೋದ್ರ ಎಲ್ಲಾ ಎಳತ ಒಂದ ಕಡೆ ಬೀಳ್ತದ. ಅದಕ್ಕ ನಾವು ಅಚ್ಚಿನ ಮ್ಯಾಲೆ ಬಿಗದು ಕುಂಡ್ರಿಸಿ, ಮೊದಲು ಆ ತುದಿ ಒಂದು ಚುಕ್ಕಿ, ಈ ತುದಿ ಒಂದು ಚುಕ್ಕಿ ಹಚ್ಚತೇವಿ. ಆಮ್ಯಾಲೆ ಮ್ಯಾಲೊಂದು, ಕೆಳಗೊಂದು. ಒಂದರ ಎಳತ ಇನ್ನೊಂದು ಹೊಡೀಬೇಕು. ನಡುನಡುವ ಆರಾಕ ಬಿಡಬೇಕು. ಇಷ್ಟು ಮಾಡಿದ್ರೂ ಕೂದಲೆಳಿಯಷ್ಟು ಹೋಗೇ ಹೋಗ್ತದ. ಅಚ್ಚು ಇಲ್ದ ಬರೇ ಕೈಯಾಗ ಹಿಡದು ಮಾಡಿದ್ರ ಹಿಂಗ ಆಗ್ತದ.”

“ಇದರಾಗೂ ಹಂಗ ಆಗ್ಯಾದಂತೀರಿ.”

“ಅಂತೇನಿ. ಖರೇ ಏನಂತ ತಿಳೀಬೇಕಂದ್ರ ಒಂದ ದಾರಿ ಅದ. ಬೆಸುಗಿ ಕತ್ತರಿಸಬೇಕು. ಎಳಿಯೋದು ಹೋತಂದ್ರ ಎರಡೂ ಅರ್ಧ ತಮ್ಮ ತಮ್ಮ ಜಾಗಕ್ಕ ಹೋಗಬೇಕು. ಹೋಗಲಿಲ್ಲಂದ್ರ ಬಾಯಿ ಬ್ಯಾರೆದು.”

ಪಂಚರು ಒಬ್ಬರ ಮುಖ ಒಬ್ಬರು ನೋಡಿದರು. ಜಗದೇವ ಒಂದು ಕ್ಷಣ ಕಿಟಕಿಯಾಚೆ ನೋಡಿದನು. ಕೆಳಗೆ ತೊಗರಿಯ ಚೀಲಗಳನ್ನು ಹೊತ್ತ ಹಮಾಲರು ಲಾರಿ ತುಂಬುತ್ತಿದ್ದರು. ಕತ್ತರಿಸದೆ ಬಿಟ್ಟರೆ ತಜ್ಞರ ವರದಿ ಹಾಗೆಯೇ ನಿಲ್ಲುತ್ತದೆ, ಸಿದ್ದಲಿಂಗನಿಗೆ ಜಾಮೀನು ಸಿಗುತ್ತದೆ, ಒಬ್ಬ ಹೆಣ್ಣುಮಗಳ ಕೊರಳಲ್ಲಿ ತಾಳಿ ಉಳಿಯುತ್ತದೆ. ಯಾರೂ ಅವನನ್ನು ಕೇಳುವವರಿರಲಿಲ್ಲ. ಇಪ್ಪತ್ತು ವರ್ಷ ಖಾಕಿ ತೊಟ್ಟವನಿಗೆ ಮಾತ್ರ ಬರಬಹುದಾದ ಅಭ್ಯಾಸಬಲ ಅವನ ಬಾಯಿಂದ ಮಾತನ್ನು ಹೊರಡಿಸಿತು.

“ಕತ್ತರಸ್ರಿ.”

ತೆಳುವಾದ ಗಾಲಿ ಕಿರುಗುಟ್ಟಿತು. ಲೋಹದ ಧೂಳು ಹಾರಿತು. ಹಫೀಜ ಬಲ ಅರ್ಧವನ್ನು ಅಚ್ಚಿನ ಮೇಲಿಟ್ಟನು, ಒತ್ತಿದನು. ಕೊಕ್ಕೆ ಪ್ಲಾಸ್ಟರಿನ ಹಲ್ಲನ್ನು ಕಚ್ಚಿಕೊಂಡು ಕುಳಿತಿತು. ಎಡ ಅರ್ಧವೂ ಕುಳಿತಿತು. ಬೆರಳಿನಿಂದ ಅಲುಗಾಡಿಸಿದರೂ ಸದ್ದಿಲ್ಲ.



“ಇದು ಇದೇ ಬಾಯಿದ್ರಿ ಸಾಬ್,” ಎಂದನು ಹಫೀಜ, ತಗ್ಗಿದ ದನಿಯಲ್ಲಿ. “ಮಾಫ್ ಮಾಡ್ರಿ.”

ತಾನು ಮಾಡದ ಯಾವ ತಪ್ಪಿಗೆ ಅವನು ಕ್ಷಮೆ ಕೇಳಿದನೋ ಜಗದೇವನಿಗೆ ತಿಳಿಯಲಿಲ್ಲ. ಪಂಚರು ರುಜು ಹಾಕಿದರು. ಎರಡು ಅರ್ಧಗಳನ್ನು ಬೇರೆ ಬೇರೆ ಲಕೋಟೆಗಳಲ್ಲಿ ಹಾಕಿ ಅವನು ಮೊಹರು ಮಾಡಿದನು. ಆಮೇಲೆ ಏನೋ ನೆನಪಾದವನಂತೆ ಕೇಳಿದನು:

“ಇಂಥ ಮಷಿನ್ ಈ ಕಡೆ ಮತ್ತ್ಯಾರ ಹಂತ್ಯಾಕ ಅದ?”

“ಹಲ್ಲಿನ ಕೆಲಸಕ್ಕ ಯಾರ ಹಂತ್ಯಾಕೂ ಇಲ್ರಿ. ಅಫಜಲಪುರದಾಗ ಖಂಡಪ್ಪ ಪತ್ತಾರಂತ ಬಂಗಾರದ ಕೆಲಸದವ್ರು ಒಬ್ರು ಇಟ್ಟಾರ. ಕೊಳ್ಳೋಕಿಂತ ಮೊದಲು ನಂದು ನೋಡಾಕ ಬಂದಿದ್ರು. ಚಹಾ ಕುಡಿದು, ನನ್ನ ಬೆಸುಗಿ ಚಂದಿಲ್ಲಂತ ಹೆಸರಿಟ್ಟು ಹೋದ್ರು.”

*

ಕೆಳಗೆ ಅಂಗಡಿಯ ಕಟ್ಟೆಯ ಮೇಲೆ ಬಸವೇಶ್ವರಿ ಕುಳಿತಿದ್ದಳು. ದೊಡ್ಡಪ್ಪನ ಹೆಂಡತಿ. ಪರೀಕ್ಷೆಯ ಸುದ್ದಿ ಕೇಳಿ ಬೆಳಗಿನ ಬಸ್ಸಿಗೇ ಬಂದು ಕಾಯುತ್ತಿದ್ದಳು. ಮೆಟ್ಟಿಲಿಳಿದು ಬಂದ ಜಗದೇವನನ್ನು ಕಂಡು ಎದ್ದು ನಿಂತು ಸೆರಗನ್ನು ಸರಿಪಡಿಸಿಕೊಂಡಳು.

ಸಾವಿನ ಸುದ್ದಿಯನ್ನು ಹೇಳುವುದಕ್ಕೆ ಪೊಲೀಸರಿಗೆ ಯಾರೂ ಮಾತು ಕಲಿಸುವುದಿಲ್ಲ. ‘ಕೂಡಲಿಲ್ಲ ತಾಯಿ, ಧೈರ್ಯ ತಗೋರಿ’ ಎಂದು ಹಿಂದೊಮ್ಮೆ ಇವಳಿಗೆ ಹೇಳಿದವನೂ ಅವನೇ. ಆ ಮಾತನ್ನು ಈಗ ಅವನೇ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿತ್ತು.

“ತಾಯಿ, ಆ ಸೆಟ್ಟು ನಿಮ್ಮ ಯಜಮಾನ್ರದೇ ಅದ. ಬೆಸುಗಿ ಹಾಕಿದವ್ರು ಸೊಟ್ಟ ಮಾಡಿದ್ರು. ಅದಕ್ಕ ಕೂಡಿರಲಿಲ್ಲ.”

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಳಲಿಲ್ಲ. ಅಂಗಡಿಯ ತಕ್ಕಡಿಯನ್ನೇ ನೋಡುತ್ತ ನಿಂತಳು.

“ಹಂಗಾದ್ರ ಇನ್ನ ಸತ್ತಾರಂತ ಆತೇನ್ರಿ?”

“ಹೌದವಾ.”

“ಸರಕಾರದ ಪ್ರಕಾರನೂ?”

“ಪಂಚನಾಮೆ ಆತು. ಕೋರ್ಟಿಗೆ ಕೊಡಬೇಕಷ್ಟ.”

“ಸಿದ್ದಲಿಂಗಪ್ಪ?”

ಜಗದೇವ ಲಕೋಟೆಗಳನ್ನು ಕಂಕುಳಿಗೆ ಸೇರಿಸಿಕೊಂಡನು. ಉತ್ತರ ಅವಳಿಗೂ ಗೊತ್ತಿತ್ತು. ಮೈದುನನ ಹೆಸರು ಹೇಳುವಾಗ ಅವಳ ದನಿ ಸ್ವಲ್ಪ ತಡವರಿಸಿದ್ದನ್ನು ಮಾತ್ರ ಅವನು ಗಮನಿಸಿದನು.

“ಜೀಪಿನ್ಯಾಗ ಊರಿಗೆ ಬಿಡಸ್ತೇನಿ, ಬರ್ರಿ.”

“ಬ್ಯಾಡ್ರಿ. ಪೊಲೀಸ್ ಜೀಪು ಮನಿ ಮುಂದ ನಿಂತ್ರ ನಾ ಬಾಯಿ ಬಿಡೋಕಿಂತ ಮೊದಲ ಓಣ್ಯೆಲ್ಲ ಅಳಾಕ ಕುಂಡ್ರತದ. ನಾನೇ ಹೋಗಿ ನಾನೇ ಹೇಳ್ತೇನ್ರಿ.”

ಅವಳು ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ಬೆನ್ನು ಬಾಗಿರಲಿಲ್ಲ, ಹೆಜ್ಜೆಯೂ ತಪ್ಪಲಿಲ್ಲ. ಎಷ್ಟು ಗಟ್ಟಿ ಹೆಣ್ಣು ಎಂದುಕೊಂಡನು ಜಗದೇವ. ಆಮೇಲೆ ಜೀಪು ಹತ್ತಿ ಅಫಜಲಪುರಕ್ಕೆ ನಡೆ ಎಂದನು. ಬೆಸೆದವನನ್ನು ಹಿಡಿದರೆ ಸತ್ತವನೇನೂ ಎದ್ದು ಬರಲಾರನು. ಆದರೂ ಅರ್ಧಕ್ಕೆ ಬಿಟ್ಟ ಕೆಲಸ ಅವನನ್ನು ನಿದ್ದೆಗೆಡಿಸುತ್ತಿತ್ತು.

*

“ಬರ್ರಿ ಸಾಹೇಬ್ರ, ಬರ್ರಿ. ಬಂಗಾರ ತಗೊಳ್ಳಾಕ ಬಂದೀರೋ, ಕಳುವಿನ ಬಂಗಾರ ಹುಡುಕಾಕ ಬಂದೀರೋ? ಮೊದಲ ಹೇಳಿಬಿಟ್ರ ಎಂಥ ಚಹಾ ತರಸಬೇಕಂತ ತಿಳೀತದ.”

ಖಂಡಪ್ಪ ಪತ್ತಾರ ತುಂಬು ಮೈಯ ಮನುಷ್ಯ. ಹಣೆಯ ತುಂಬ ವಿಭೂತಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಅಂಗಡಿಯ ಹಿಂಭಾಗದಲ್ಲಿ, ತಲೆಮಾರುಗಳ ಕುಲುಮೆಯ ಪಕ್ಕದಲ್ಲಿಯೇ, ಬಿಳಿಯ ಪೆಟ್ಟಿಗೆಯಂಥ ಆ ಯಂತ್ರ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು.

ಜಗದೇವ ಕತ್ತರಿಸುವ ಮುಂಚಿನ ಚೌಕಟ್ಟಿನ ಫೋಟೊಗಳನ್ನು ಗಾಜಿನ ಮೇಲಿಟ್ಟನು. ಕಪ್ಪುಗೆರೆ ಎದ್ದು ಕಾಣುವಂತೆ ತೆಗೆಸಿದ ಫೋಟೊಗಳು.

“ಇದನ್ನ ಬೆಸದವ್ರು ನೀವು.”

ಖಂಡಪ್ಪ ಕನ್ನಡಕವನ್ನು ಮೇಲಕ್ಕೆ ದೂಡಿ ನೋಡಿದನು; ದೂರ ಸರಿಸಿದನು. “ಹಲ್ಲಿನ ಸಾಮಾನೇನ್ರಿ ಇದು? ಶಿವ ಶಿವಾ. ಎಂಜಲ ಬಾಯಿ ಕೆಲಸ ನಾವ್ಯಾಕ ಮಾಡೋಣ. ಆಳಂದದ ಆ ಹುಡುಗನ್ನ ಕೇಳ್ರಿ.”

“ಅವನ್ನ ಕೇಳೇ ಬಂದೇನಿ. ಹಲ್ಲಿನ ಕೆಲಸದವ ಅಚ್ಚು ಇಲ್ದ ಇಂಥದ್ದನ್ನ ಮುಟ್ಟಂಗಿಲ್ಲ. ಒಂದ ಕಡಿಂದ, ಸಾಲು ಹಿಡದು, ಸರದ ಕೊಂಡಿ ಮುಚ್ಚಿದಂಗ ಮುಚ್ಚಿದ ಕೈ ಇದು. ಬಂಗಾರದವನ ಕೈ.”

“ಬಂಗಾರದವನ ಕೈ ಅಂದ್ರ ಏನು ಸಣ್ಣದೇನ್ರಿ?”

“ಸಣ್ಣದಂತ ಯಾರಂದ್ರು? ಕೆಟ್ಟದಂತ ಅಂದೆ. ಆಳಂದದ ಹುಡುಗ ನೋಡಿ ನಕ್ಕ. ಇಷ್ಟು ಸೊಟ್ಟ ಬೆಸುಗಿ ಕಲಿಯೋ ಹುಡುಗರೂ ಹಾಕಂಗಿಲ್ಲಂದ.”

ಹಫೀಜ ನಕ್ಕಿರಲಿಲ್ಲ. ಆದರೆ ಆ ಸುಳ್ಳು ತಾಗಬೇಕಾದಲ್ಲಿ ತಾಗಿತು. ಪತ್ತಾರನ ಕಿವಿಯ ತುದಿ ಕೆಂಪಾಯಿತು.

“ನಗತಾನೇನು. ಬಂಗಾರ ಆಗಿದ್ರ ಎಳದದ್ದನ್ನ ಗೂಟಕ್ಕ ಏರಿಸಿ ಎರಡು ಪೆಟ್ಟು ಹಾಕಿ ನೆಟ್ಟಗ ಮಾಡಿ ಕೊಡತಿದ್ದೆ, ಹೇಳ್ರಿ ಅವಗ. ಬೆಳ್ಳಿ ಆಗಿದ್ರೂ ಕೊಡತಿದ್ದೆ. ಈ ಹಾಳು ಲೋಹ ಸುತ್ತಿಗಿ ಮಾತು ಕೇಳಂಗಿಲ್ಲ, ಬಾಗಂಗಿಲ್ಲ, ಇನ್ನೊಂದು ಪೆಟ್ಟು ಹಾಕಿದ್ರ ಒಡೀತದಂತ ನಾ...”

ಮಾತು ಅಲ್ಲಿಗೇ ಕಡಿದುಹೋಯಿತು. ಹೊರಗೆ ಬಾಗಿಲಿನಲ್ಲಿ ಯಾರೋ ಬೆಂಡೋಲೆಯ ಬೆಲೆ ಕೇಳಿ, ಉತ್ತರ ಬಾರದೆ ಮುಂದೆ ಹೋದರು.

“ಕುಂಡ್ರಿ,” ಎಂದನು ಜಗದೇವ. “ಹೇಳ್ರಿ.”

ಖಂಡಪ್ಪ ಕುಳಿತನು. ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿದನು.

“ಕೊಲಿ ಕೇಸಿಗೆ ಹೆದರಿ ಸುಳ್ಳು ಹೇಳಲಿಲ್ರಿ ಸಾಹೇಬ್ರ. ಕೊಲಿ ಅಂತ ಈಗ ನಿಮ್ಮ ಮಾರಿ ನೋಡಿ ತಿಳೀತು. ನಾ ಹೆದರಿದ್ದು ನಮ್ಮ ಮಂದಿಗೆ. ಅವ ಬಂದದ್ದು ಅಮಾಸಿ ದಿನ.”

“ಅಮಾಸಿಗೆ ಏನು?”

“ಅಮಾಸಿಗೆ ಪತ್ತಾರರು ಕುಲುಮಿ ಹಚ್ಚಂಗಿಲ್ರಿ. ಸುತ್ತಿಗಿ, ಇಕ್ಕಳ ಎಲ್ಲಾ ತೊಳದು ಪೂಜಾ ಮಾಡಿ ಇಟ್ಟಿರ್ತೇವಿ. ನಮ್ಮಪ್ಪ, ಅವರಪ್ಪ ಯಾರೂ ಮುಟ್ಟಿಲ್ಲ. ಪ್ಯಾಟಿ ಸಾಲು ಬಂದ್ ಇತ್ತು. ನಾ ಮಷಿನಿಗೆ ಹೂ ಏರಿಸಾಕ ಬಾಗಿಲ ಅರ್ಧ ತಗದಿದ್ದೆ. ಮಾರಿಗೆ ಟವೆಲ್ ಸುತ್ತಿಕೊಂಡು ಒಬ್ಬ ಒಳಗ ಬಂದ. ಮುರದ ಸೆಟ್ಟು ಮುಂದಿಟ್ಟ. ಹಲ್ಲಿಲ್ದ ಉಣ್ಣಾಕ ಬರವಲ್ದು, ಊರಿಗೆ ಹೋಗಬೇಕಂತ ಕೈ ಮುಗದ. ಈ ಮಷಿನಿಗೆ ಬೆಂಕಿ ಇಲ್ಲಲ್ಲಾ, ಇದೇನು ಕುಲುಮಿಯೇ ಅಂತ ಮನಸಿಗೆ ಸಮಾಧಾನ ಮಾಡಿಕೊಂಡೆ. ಗಡಿಬಿಡ್ಯಾಗ ಹೊಡದುಕೊಟ್ಟೆ. ಪೂಜಾ ಮಾಡಿದ ಸಾಮಾನು ಮುಟ್ಟಿದ ಕೈ ನಡಗಾಕತ್ತಿತ್ತು. ಅದಕ್ಕ ಅಷ್ಟು ಕೆಟ್ಟಾತು.”

“ಮಾರಿ ನೋಡಲಿಲ್ಲೇನು?”

“ನೋಡಿದೆ. ಉಂಗುರ ಮಾಡಿ ಕೊಟ್ರ ‘ಹಾಕ್ಕೊಂಡು ನೋಡ್ರಿ’ ಅನ್ನೋದು ನಮ್ಮ ಬಾಯಿ ರೂಢಿ. ಹಂಗ ಅಂದುಬಿಟ್ಟೆ. ಅವ ಟವೆಲ್ ಸರಿಸಿ ಬಾಯಾಗ ಇಟ್ಟುಕೊಂಡ. ಒಂದ ಕಡೆ ಒತ್ತಿದ್ರ ಇನ್ನೊಂದ ಕಡೆ ಏಳಾಕತ್ತು. ತುಟಿ ಹರದು ರಕ್ತ ಬಂತು. ನನಗ ನಾಚಿಕ್ಯಾತ್ರಿ. ಅಮಾಸಿ ಕಳೀಲಿ, ಮತ್ತ ಬರ್ರಿ, ಬಿಚ್ಚಿ ಮಾಡಿ ಕೊಡ್ತೇನಿ ಅಂದೆ. ‘ಇರಲಿ ಬಿಡ್ರಿ, ಇಷ್ಟಾದ್ರ ಸಾಕು’ ಅಂದ. ಒರೆಸಿಕೊಂಡು ಕಿಸೇದಾಗ ಇಟ್ಟುಕೊಂಡು ಹೋದ.”



ಹಲ್ಲಿಲ್ಲದೆ ಉಣ್ಣಲಾರೆನೆಂದು ಬಂದ ಮನುಷ್ಯ. ತುಟಿ ಹರಿಯುವಷ್ಟು ಸೊಟ್ಟಾದ ಸೆಟ್ಟನ್ನು ಕೈಯಲ್ಲಿ ಹಿಡಿದು, ಇಷ್ಟಾದರೆ ಸಾಕು ಎಂದನು. ಯಾವ ಊಟಕ್ಕೆ ಸಾಕು? ಅಗಿಯುವವನಿಗೆ ಅದು ಸಾಕಾಗದು. ಇನ್ನೆಂದೂ ಅಗಿಯದ ಬಾಯಿಗೆ, ಯಾವುದೋ ಹೆಣದ ಬಾಯಿಗೆ ಹಾಕಲು ಹೊರಟವನಿಗೆ ಮಾತ್ರ ಅಷ್ಟು ಸಾಕು.

ಅವನು ಮೊಬೈಲಿನಲ್ಲಿ ದೊಡ್ಡಪ್ಪನ ಫೋಟೊ ತೆಗೆದು ಪತ್ತಾರನ ಕಣ್ಣ ಮುಂದೆ ಹಿಡಿದನು.

ಖಂಡಪ್ಪ ಕನ್ನಡಕ ಹಾಕಿಕೊಂಡು ನೋಡಿದನು. “ಹೌದ್ರಿ. ಇವರೇ. ಗಡ್ಡ ಬಿಟ್ಟಿದ್ರು, ಮ್ಯಾಲಿನ ಮುಂದಿನ ಹಲ್ಲಿರಲಿಲ್ಲ. ಕಣ್ಣು ಇವೇ.”

“ಯಾವ ಅಮಾಸಿ? ಸರಿಯಾಗಿ ನೆನಪು ಮಾಡಿಕೊಂಡು ಹೇಳ್ರಿ.”

“ನೆನಪೇನು ಮಾಡಿಕೊಳ್ಳೋದು. ಅದರ ಮರುದಿನವೋ ಅದರಾಚೆ ದಿನವೋ ಚಂದ್ರ ಕಾಣ್ತು, ರಂಜಾನ್ ಹಬ್ಬ ಆತಲ್ರಿ. ಬಾಜೂ ಅಂಗಡಿ ಗೌಸಮೊಹಿದ್ದೀನ ಶೀರ್‌ಖುರ್ಮಾ ಕೊಟ್ಟಾಗ, ಈ ಪಾಪದ ಕೈಯಿಂದ ಹೆಂಗ ತಿನ್ನಲಿ ಅನಸಿತ್ತು.”

ರಂಜಾನ್ ಹಬ್ಬ. ಆ ದಿನ ಜಗದೇವ ಈದ್ಗಾ ಬಂದೋಬಸ್ತಿನಲ್ಲಿದ್ದನು. ನಮಾಜು ಮುಗಿಯುವ ಹೊತ್ತಿಗೆ ಮೀನುಗಾರರು ಓಡಿ ಬಂದು ಮಡುವಿನಲ್ಲಿ ಹೆಣವಿದೆ ಎಂದಿದ್ದರು. ಶವಪರೀಕ್ಷೆ ಮಾಡಿದ ವೈದ್ಯರು ಸಾವು ಸಂಭವಿಸಿ ವಾರದ ಮೇಲಾಗಿದೆ ಎಂದು ಬರೆದಿದ್ದರು.

ಎಂದರೆ ಅಮಾವಾಸ್ಯೆಯ ದಿನ, ಈ ಗಾಜಿನ ಮುಂದೆ ದೊಡ್ಡಪ್ಪ ತುಟಿಯ ರಕ್ತ ಒರೆಸಿಕೊಳ್ಳುತ್ತ ನಿಂತಿದ್ದಾಗ, ಮಡುವಿನಲ್ಲಿ ಸಿಕ್ಕ ಆ ಮನುಷ್ಯ ಆಗಲೇ ಸತ್ತು ಎಲ್ಲಿಯೋ ಮರೆಯಲ್ಲಿ ಬಿದ್ದಿದ್ದನು. ದೊಡ್ಡಪ್ಪ ತನ್ನ ಹಲ್ಲನ್ನು ಅವನ ಜಜ್ಜಿದ ಬಾಯಿಗೆ ತುರುಕಿ ಹೊಳೆಗೆ ನೂಕಿದನು. ಚೌಕಟ್ಟಿನ ಮೇಲೆ ಕಲ್ಲೇಟಿನ ಗೀರಿಲ್ಲದಿರುವುದು ಅದಕ್ಕೇ. ಪೊಲೀಸರು ಹಲ್ಲಿನ ಸೆಟ್ಟು ನೋಡಿ ಹೆಸರು ಹೇಳಿಬಿಡುತ್ತಾರೆಂದೂ, ಬಾವಿಯ ಜಗಳದ ಮಾತು ಕೊಲೆಯನ್ನು ತಮ್ಮನ ತಲೆಗೆ ಕಟ್ಟುತ್ತದೆಂದೂ ಅವನು ತಿಳಿದಿದ್ದನು. ಜೇವರ್ಗಿಯ ದಂತವೈದ್ಯೆಯ ಕಪಾಟಿನಲ್ಲಿ ತನ್ನ ದವಡೆಯ ಅಚ್ಚು ಇನ್ನೂ ಇದೆಯೆಂಬುದು ಅವನಿಗೆ ಗೊತ್ತಿರಲಿಲ್ಲ. ಪತ್ತಾರನ ಕೈನಡುಕ ಅವನ ಸಾವನ್ನು ಇಷ್ಟು ದಿನ ತಡೆದು ನಿಲ್ಲಿಸಿತ್ತು. ಇಂದು ಬೆಳಿಗ್ಗೆ ಅದನ್ನು ಪೂರ್ತಿಮಾಡಿ, ರುಜು ಹಾಕಿಸಿ, ಮೊಹರು ಒತ್ತಿದವನು ಜಗದೇವನೇ.

“ಖಂಡಪ್ಪನವರ, ಈ ಮಾತು ಕೋರ್ಟಿನ್ಯಾಗ ಹೇಳಬೇಕು.”

“ಅದೊಂದು ಬ್ಯಾಡ್ರಿ.”

“ಒಬ್ಬ ಮನುಷ್ಯ ಮಾಡದ ತಪ್ಪಿಗೆ ಜೇಲಿನ್ಯಾಗ ಕುಂತಾನ.”

“ಅಮಾಸಿ ದಿನ ಪೂಜಾ ಮುರದು ದುಡದೆ ಅಂತ ನಾಕು ಮಂದಿ ಮುಂದ ನಿಂತು ಹೆಂಗ ಹೇಳಲ್ರಿ? ಮಗಳ ಲಗ್ನದ ಮಾತು ನಡದಾವ. ನಿಮಗ ಹೇಳೇನಿ, ನಿಮ್ಮ ಹೊಟ್ಯಾಗ ಇಟ್ಟುಕೊಳ್ರಿ. ಕಟಕಟ್ಯಾಗ ನಿಲ್ಲಿಸಿದ್ರ ನಾ ನೋಡೇ ಇಲ್ಲಂತೇನಿ.”

ಅವನು ಬೆದರಿಸುತ್ತಿರಲಿಲ್ಲ; ಅಂಗಲಾಚುತ್ತಿದ್ದನು. ಅದಕ್ಕೇ ಅವನು ಹೇಳಿದಂತೆಯೇ ಮಾಡುವನೆಂಬುದರಲ್ಲಿ ಸಂಶಯವಿರಲಿಲ್ಲ. ಒಂದು ಪಕ್ಕದಲ್ಲಿ ಪಂಚರ ರುಜು, ಕತ್ತರಿಸಿದ ಲೋಹ, ಒಪ್ಪವಾಗಿ ಕೂತ ಎರಡು ಅರ್ಧಗಳು. ಇನ್ನೊಂದು ಪಕ್ಕದಲ್ಲಿ ನಾಳೆ ಇಲ್ಲವೆನ್ನುವ ಒಬ್ಬ ಪತ್ತಾರ. ಸಿದ್ದಲಿಂಗನನ್ನು ಉಳಿಸಬಲ್ಲ ಸಾಕ್ಷಿ ಲೋಕದಲ್ಲಿ ಇನ್ನು ಒಂದೇ: ಉಸಿರಾಡುವ ದೊಡ್ಡಪ್ಪ.

ಮತ್ತೆ ಆ ಹೆಣ? ಭೀಮೆಯ ದಂಡೆಯಲ್ಲಿ ಪಂಚಾಯಿತಿಯವರು ಹೂತ ಆ ಮನುಷ್ಯನನ್ನು ಹುಡುಕಿಕೊಂಡು ಈವರೆಗೆ ಯಾರೂ ಬಂದಿರಲಿಲ್ಲ. ಯಾರೂ ಹುಡುಕಿ ಬಾರದವನನ್ನೇ ದೊಡ್ಡಪ್ಪ ಆರಿಸಿದ್ದನು. 

*

ಅಂಗಡಿಯಿಂದ ಹೊರಗೆ ಬಂದು, ಜೀಪಿನ ನೆರಳಿನಲ್ಲಿ ನಿಂತು ಅವನು ಬಸವೇಶ್ವರಿಗೆ ಫೋನ್ ಮಾಡಿದನು. ಈ ಹೊತ್ತಿಗೆ ಓಣಿಯ ಹೆಂಗಸರು ಸೇರಿರುತ್ತಾರೆ. ಬಳೆ ಒಡೆಯುವ, ತಾಳಿ ತೆಗೆಯುವ ಮಾತು ನಡೆದಿರುತ್ತದೆ. ಅದನ್ನಾದರೂ ನಿಲ್ಲಿಸಬೇಕು. ಬದುಕಿದ್ದಾನೆಂದು ಹೇಳಬೇಕು, ಕೊಲೆಗಾರನೆಂದೂ ಹೇಳಬೇಕು. ಎರಡರಲ್ಲಿ ಮೊದಲು ಯಾವುದು?

ಬಹಳ ಹೊತ್ತು ರಿಂಗಾದ ಮೇಲೆ ಅವಳು ಎತ್ತಿಕೊಂಡಳು. “ಹೇಳ್ರಿ.”

ಹಿಂದೆ ಅಳುವಿರಲಿಲ್ಲ. ಹೆಂಗಸರ ದನಿಯೂ ಇರಲಿಲ್ಲ. ಒಂದು ಸದ್ದು ಮಾತ್ರ ಕೇಳಿಸುತ್ತಿತ್ತು, ಒಂದೇ ಲಯದಲ್ಲಿ, ಅಂಗೈ ಹಿಟ್ಟಿನ ಮೇಲೆ ಬೀಳುವ ಸದ್ದು. ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು.

ಸತ್ತವರ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ನೆರೆಯವರೋ ಬೀಗರೋ ರೊಟ್ಟಿ ಕಟ್ಟಿಕೊಂಡು ಬಂದು ಉಣ್ಣಿಸುತ್ತಾರೆ. ಮಾದನಹಿಪ್ಪರಗಾದಲ್ಲಿಯೂ ಹಾಗೆಯೇ; ಜಗದೇವನ ಊರಾದ ನೆಲೋಗಿಯಲ್ಲಿಯೂ ಹಾಗೆಯೇ.

“ತಾಯಿ,” ಎಂದನು, ದನಿಯನ್ನು ಹಿಡಿತದಲ್ಲಿಟ್ಟುಕೊಂಡು, “ಮಂದಿ ಯಾರೂ ಬಂದಿಲ್ಲೇನು?”

“ಇನ್ನೂ ಯಾರಿಗೂ ಹೇಳಿಲ್ರಿ. ಸಂಜಿಕ ಹೇಳ್ತೇನಿ.”

“ಒಬ್ರೇ ಅದೀರೇನು?”

ಬಡಿಯುವ ಸದ್ದು ನಿಂತಿತು.

“ಒಬ್ಬಾಕೀನೇ ಅದೀನ್ರಿ.”

ಆಗ ಅವಳ ಹಿಂದಿನಿಂದ, ಒಳಕೋಣೆಯ ಆಳದಿಂದ ಎಂಬಂತೆ, ಒಂದು ಗಂಡುದನಿ ಬಂದಿತು. ಮುಂಭಾಗದ ಹಲ್ಲಿಲ್ಲದ ಬಾಯಿಂದ ಗಾಳಿ ಸೋರಿ ಮಾತಿನ ಅಂಚುಗಳೆಲ್ಲ ಕರಗಿದ್ದವು. ಆದರೂ ಒಂದೊಂದು ಶಬ್ದವೂ ಜಗದೇವನಿಗೆ ತಿಳಿಯಿತು.

“ಯಾರದು ಫೋನು? ರೊಟ್ಟಿ ಜರಾ ಮೆತ್ತಗಿರಲಿ, ಸಾರಿನ್ಯಾಗ ನೆನೆಸಿಕೊಂಡು ತಿಂತೇನಿ.”

ಜಗದೇವ ಜೀಪು ಹತ್ತಿದನು. ಚಾಲಕನಿಗೆ ಕೈಸನ್ನೆ ಮಾಡಿದನು. ಜೀಪು ಗುರುಗುಟ್ಟಿ ಎದ್ದಿತು. ಮಾದನಹಿಪ್ಪರಗಾ ಒಂದು ತಾಸಿನ ಮೇಲಿನ ದಾರಿ. ‘ಹೊರಗ ಬರ್ರಿ ತಾಯಿ, ಏನಾದ್ರೂ ನೆವ ಹೇಳಿ ಹೊರಗ ಬರ್ರಿ’ ಎಂದು ಪಿಸುಗುಟ್ಟಲು ಅವನು ಬಾಯಿ ತೆರೆದನು.

ಅಷ್ಟರಲ್ಲಿ ಅವಳು ಮಾತಾಡಿದ್ದಳು. ಅವನೊಡನೆ ಅಲ್ಲ, ಒಳಗಿನವನೊಡನೆ.

“ಯಾರೂ ಅಲ್ರಿ. ರಾಂಗ್ ನಂಬರ್.”

ಸಂಪರ್ಕ ಕಡಿಯಿತು. ಮತ್ತೆ ಒತ್ತಿದನು; ಫೋನು ಸ್ವಿಚ್ ಆಫ್ ಆಗಿತ್ತು.

ಅವಳ ಆ ಮಾತಿನಲ್ಲಿ ಹೆದರಿಕೆ ಇತ್ತೇ? ಸತ್ತ ಫೋನನ್ನು ಇನ್ನೂ ಕಿವಿಗೆ ಹಿಡಿದುಕೊಂಡೇ ಜಗದೇವ ಅದೊಂದನ್ನು ಹುಡುಕಿದನು. ನಡುಕವನ್ನೋ ತೊದಲನ್ನೋ ಹುಡುಕಿದನು. ಸಿದ್ದಲಿಂಗನ ಸಲುವಾಗಿ, ಆ ಹೆಸರಿಲ್ಲದ ಹೆಣದ ಸಲುವಾಗಿ, ಅಷ್ಟಾದರೂ ಇರಲಿ ಎಂದುಕೊಂಡನು.

ಇರಲಿಲ್ಲ.